ಪುಡಿ ನಿಲ್ಲಿಸಬೇಡಿ, ಬಾಡು ತಿನ್ನಿ

೧೯೯೩ರಿಂದ ಮೂರು ವರ್ಷ ನಾನು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಕಿಕ್ಕೇರಿಗೂ ಶೀಳನೆರೆಗೂ ನಡುವಿನ ಹಳ್ಳಿ. ಹೆಸರು ಬೇಡ, ಈ ಕಥೆಯ ಜನ ಕೆಲವರು ಇನ್ನೂ ಅಲ್ಲಿದ್ದಾರೆ. ಆರು ಹಾಸಿಗೆ, ಲಸಿಕೆ ಇಡುವ ಒಂದು ಫ್ರಿಜ್ಜು, ಬೆಳಗ್ಗೆ ನಾಲ್ಕು ಜನ ತಳ್ಳಿದರೆ ಮಾತ್ರ ಹೊರಡುವ ಒಂದು ಜೀಪು, ಇಷ್ಟೇ ನನ್ನ ಸಾಮ್ರಾಜ್ಯ. ನನ್ನದು ಶ್ರೀರಂಗಪಟ್ಟಣ, ತಂದೆ ಕೋಟೆಯೊಳಗಿನ ಒಂದು ಸಣ್ಣ ಗುಡಿಯ ಅರ್ಚಕರು. ಹಾಗಾಗಿ ಊರವರಿಗೆ ನಾನು ‘ಅಯ್ನೋರ ಮಗಳು ಡಾಕ್ಟ್ರಮ್ಮ’. ಬೆನ್ನ ಹಿಂದೆ ‘ಸಿಡುಕಮ್ಮ’ ಎಂಬ ಇನ್ನೊಂದು ಹೆಸರೂ ಇತ್ತು. ಅದೇನೂ ಸುಳ್ಳಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ.

ಜ್ವರ, ಭೇದಿ ಬಿಟ್ಟರೆ ನನ್ನ ಬಳಿ ಹೆಚ್ಚು ಬರುತ್ತಿದ್ದುದು ಮಂಡಿನೋವಿನ ಹೆಂಗಸರು. ನಮ್ಮ ಪುಸ್ತಕದ ಭಾಷೆಯಲ್ಲಿ ಅದು ಆಸ್ಟಿಯೋ ಆರ್ಥ್ರೈಟಿಸ್. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದ ನುಣುಪಾದ ಪದರವೊಂದಿದೆ. ವರ್ಷಗಟ್ಟಲೆ ದುಡಿದು ಅದು ಸವೆದಾಗ ಮಂಡಿ ಊದುತ್ತದೆ, ಬಿಗಿಯುತ್ತದೆ, ಕೂತರೆ ಏಳಲಾಗದ ನೋವು ಬರುತ್ತದೆ. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ, ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಲು ಕರೆದ ಮಂಡಿಗಳು ಸವೆಯದೆ ಇನ್ನೇನಾಗಬೇಕು?

ಇದಕ್ಕೆ ನಾವು ಕೊಡುವ ಚಿಕಿತ್ಸೆ ಬಲು ಸಪ್ಪೆ. ಪ್ಯಾರಸಿಟಮಾಲ್ ಮಾತ್ರೆ. ತೀರಾ ತಡೆಯಲಾಗದ ದಿನ ಅದಕ್ಕಿಂತ ಬಲವಾದ ನೋವಿನ ಮಾತ್ರೆ, ಅದೂ ಊಟವಾದ ಮೇಲೆ, ಹೊಟ್ಟೆಯುರಿ, ಬಿಪಿ ನೋಡಿಕೊಂಡು, ಕೆಲವೇ ದಿನ. ತೊಡೆಯ ಸ್ನಾಯುವಿಗೆ ಬಲ ಬರಲು ಕಾಲೆತ್ತಿ ಇಳಿಸುವ ವ್ಯಾಯಾಮ. ಮೈ ಭಾರವಿದ್ದರೆ ಇಳಿಸುವುದು, ಬಲಮಂಡಿ ನೋಯುತ್ತಿದ್ದರೆ ಎಡಗೈಗೆ ಕೋಲು ಕೊಡುವುದು. ನಾಟಿ ಮದ್ದೆಂದರೆ ಮೂಗು ಮುರಿಯುವವಳು ನಾನಲ್ಲ. ಹರಳೆಣ್ಣೆ ಸವರಿದ ಎಕ್ಕದ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ಮಂಡಿಗೆ ಕಟ್ಟುವುದು, ಲಕ್ಕಿಸೊಪ್ಪು ಕುದಿಸಿದ ನೀರಿನ ಶಾಖ, ಇವೆಲ್ಲ ನಮ್ಮಜ್ಜಿ ಮಾಡಿಕೊಳ್ಳುತ್ತಿದ್ದುದು. ಸವೆದ ಕೀಲು ಅದರಿಂದ ತುಂಬಿಕೊಳ್ಳುವುದಿಲ್ಲ, ಆದರೆ ಆ ಸಂಜೆಯ ಮಟ್ಟಿಗೆ ನೋವು ಇಳಿಯುತ್ತದೆ. ಅಷ್ಟನ್ನು ನಾನೂ ಬರೆದುಕೊಡುತ್ತಿದ್ದೆ. ಕಾಯಿಲೆ ಹೋಗುತ್ತದಾ ಎಂದು ಕೇಳಿದರೆ ಹೋಗುವುದಿಲ್ಲ ಎಂದೇ ಹೇಳುತ್ತಿದ್ದೆ. ನಿಜ ಹೇಳುವ ವೈದ್ಯರ ಅಂಗಡಿಯಲ್ಲಿ ವ್ಯಾಪಾರ ಕಡಿಮೆ.

ನಿಂಗಮ್ಮ ಬಂದದ್ದು ಆ ಮೊದಲ ವರ್ಷವೇ. ಅರವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ, ಮಗ ಶಿವಣ್ಣ ಜಮೀನು ನೋಡಿಕೊಳ್ಳುತ್ತಿದ್ದ. ಮನೆಯ ಹಸುಗಳ ಯಜಮಾನಿಕೆ ಮಾತ್ರ ಪೂರ್ತಿ ಆಕೆಯದು. ಡೇರಿಗೆ ಎರಡು ಹೊತ್ತೂ ಹಾಲಿನ ಕ್ಯಾನು ಹೊತ್ತು ತಾನೇ ಹೋಗುವವಳು. ಮಂಡಿ ಮುಟ್ಟಿ ನೋಡಿದೆ, ಮಡಿಸಿದರೆ ಒಳಗೆ ಮರಳು ಉಜ್ಜಿದ ಹಾಗೆ ಕರಕರ.

“ಆಲು ಕರೆಯದು ಬುಟ್ರೆ ನಾನು ಮೂಲೆ ಸೇರ್ದಂಗೆಯ ಕನವ್ವ,” ಎಂದಳು. “ನಮ್ ಕೆಂದಸ ಬ್ಯಾರೇರ ಕೈ ಮುಟ್ಟಿದ್ರೆ ಒದೀತದೆ. ಎಂಗಾರ ಮಾಡಿ ಕುಂತ್ಕಳಂಗೆ ಮಾಡ್ಬುಡಿ.”

ಕುಕ್ಕರುಗಾಲು ಬಿಡು, ಸಣ್ಣ ಸ್ಟೂಲ್ ಹಾಕಿಕೊಂಡು ಕರಿ ಎಂದೆ. ಕಾಲಿನ ವ್ಯಾಯಾಮ ತೋರಿಸಿದೆ. ಆಕೆ ಮಂಚದ ಮೇಲೆ ಮಲಗಿ ನಾಲ್ಕು ಸಲ ಕಾಲೆತ್ತಿ, “ಕಾಲು ನೋಯ್ತದೆ ಅಂತ ಬಂದ್ರೆ ಕಾಲೆತ್ತು ಕಾಲಿಳ್ಸು ಅಂತೀರಲ್ಲ ಡಾಕ್ಟ್ರಮ್ಮ, ನಾನೇನ್ ಇಸ್ಕೂಲ್ ಡ್ರಿಲ್ಲಿಗೆ ಬಂದಿದ್ದೀನಾ?” ಎಂದು ಇಡೀ ವಾರ್ಡನ್ನು ನಗಿಸಿದಳು. ಒಂದೆರಡು ತಿಂಗಳು ಬಂದು ಹೋದಳು, ಕೊಂಚ ಸುಧಾರಿಸಿತು. ಆಮೇಲೆ ಕಾಣೆಯಾದಳು.

ಮತ್ತೆ ಸಿಕ್ಕಿದ್ದು ೧೯೯೪ರ ಬೇಸಿಗೆಯಲ್ಲಿ, ತೊಣ್ಣೂರು ಕೆರೆ ಏರಿಯ ಮೇಲೆ. ನಾನು ಮನೆಯವರ ಜೊತೆ ದೇವಸ್ಥಾನಕ್ಕೆ ಹೋಗಿದ್ದೆ, ಆಕೆ ನೆಂಟರ ಮದುವೆಗೆ ಬಂದಿದ್ದಳು. ಹಿಂದಿನಿಂದ ಯಾರೋ ಬಿರಬಿರನೆ ನಡೆದು ಬಂದು ನನ್ನನ್ನು ದಾಟಿ ಹೋಗಿ, ತಿರುಗಿ ನಿಂತು ನಕ್ಕರು. ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಮುಖ ತಟ್ಟೆಯ ಹಾಗೆ ದುಂಡಗಾಗಿತ್ತು, ಕೆನ್ನೆ ಕೆಂಪಗೆ. ಹೊಟ್ಟೆ ಬಂದಿತ್ತು, ಕೈಕಾಲು ಸಣ್ಣಗಾಗಿದ್ದವು. ಮೊಣಕೈ ಕೆಳಗೆ ಅಲ್ಲಲ್ಲಿ ನೀಲಿ ಕಲೆ.

“ನೋಡಿದ್ರಾ, ಎಂಗ್ ನಡೀತೀನಿ! ಪಂಡಿತ್ರು ಪುಡಿ ಕೊಟ್ರು. ಮೂರೇ ದಿನಕ್ಕೆ ನೋವು ಪತ್ತೆನೇ ಇಲ್ಲ. ನಿಮ್ ಡ್ರಿಲ್ಲು ನೀವೇ ಮಡಿಕಳಿ.”

ನನಗೆ ನಗು ಬರಲಿಲ್ಲ. ವರ್ಷಗಟ್ಟಲೆ ಸವೆದ ಮಂಡಿಯನ್ನು ಮೂರು ದಿನದಲ್ಲಿ ಸುಮ್ಮನಾಗಿಸುವ ಸೊಪ್ಪು ಈ ಭೂಮಿಯ ಮೇಲೆ ಬೆಳೆಯುವುದಿಲ್ಲ. ಆ ಮುಖ, ಆ ಹೊಟ್ಟೆ, ಆ ನೀಲಿ ಕಲೆ ನೋಡಿದರೆ ಮೆಡಿಕಲ್ ಕಾಲೇಜಿನ ಯಾವ ವಿದ್ಯಾರ್ಥಿಯಾದರೂ ‘ಸ್ಟಿರಾಯ್ಡ್’ ಎನ್ನುತ್ತಿದ್ದ. “ಅದರಲ್ಲಿ ಒಂದು ಚಿಟಿಕೆ ನನಗೆ ತಂದುಕೊಡು ನಿಂಗಮ್ಮ, ಪರೀಕ್ಷೆ ಮಾಡಿಸುತ್ತೇನೆ. ಅದಕ್ಕೆ ಮೊದಲು ಜಾಸ್ತಿಯೂ ತಿನ್ನಬೇಡ, ದಿಢೀರ್ ಅಂತ ಬಿಡಲೂ ಬೇಡ,” ಎಂದೆ. ಆಕೆ ಕೈಯಾಡಿಸಿಬಿಟ್ಟಳು. “ಇಂಗ್ಲೀಸ್ ಡಾಕ್ಟ್ರ ಕಣ್ಣು ಬಿದ್ರೆ ಮದ್ದು ಕೆಲ್ಸ ಮಾಡಕಿಲ್ವಂತೆ.” ಬಸ್ಸು ಬಂತು. ಹುಡುಗಿಯ ಹಾಗೆ ಹತ್ತಿಕೊಂಡಳು.

ಈ ಪಂಡಿತನ ಬಗ್ಗೆ ಎರಡು ಮಾತು ಹೇಳಬೇಕು. ನಾಗಮಂಗಲದ ಕಡೆಯವನು ಎಂದು ಹೇಳಿಕೊಳ್ಳುತ್ತಿದ್ದ. ಸಂತೆಯ ದಿನ ಬಿಳಿ ವ್ಯಾನಿನಲ್ಲಿ ಬಂದು ಮರದ ಕೆಳಗೆ ಚಾಪೆ ಹಾಸಿ, ಬೇರು ನಾರು ಹರಡಿ ಕೂರುತ್ತಿದ್ದ. ಬಿಳಿ ಪಂಚೆ, ಹಣೆಯಲ್ಲಿ ಗಂಧ, ಬಾಯಲ್ಲಿ ಜೇನು. ಪ್ರತಿಯೊಬ್ಬರ ಮಂಡಿಯನ್ನೂ ಕೈಯಲ್ಲಿ ಹಿಡಿದು, ‘ಎಷ್ಟು ದುಡಿದಿದೆಯವ್ವಾ ಈ ಕಾಲು’ ಎನ್ನುತ್ತಿದ್ದ. ಆ ಒಂದು ಮಾತಿಗೆ ಹೆಂಗಸರು ಕರಗಿ ನೀರಾಗುತ್ತಿದ್ದರು. ಹೆಸರು ಬರೆದು ಅವನನ್ನು ದೊಡ್ಡವನು ಮಾಡಲಾರೆ.

ಅವನು ಕೊಡುತ್ತಿದ್ದ ಹಸಿರು ಪುಡಿಗೆ ಕಟ್ಟುನಿಟ್ಟಿನ ಪಥ್ಯವಿತ್ತು. ಪುಡಿ ತಿನ್ನುವಷ್ಟು ಕಾಲ ಬಾಡು, ಎಂದರೆ ಮಾಂಸ, ಮತ್ತು ಮೊಟ್ಟೆ ಮುಟ್ಟಬಾರದು. ಹಬ್ಬಕ್ಕೆ ಬಾಡು ತಿನ್ನಲೇಬೇಕಿದ್ದರೆ ಎಂಟು ದಿನ ಮೊದಲೇ ಪುಡಿ ನಿಲ್ಲಿಸಿ, ಮೈಯೊಳಗಿನ ಮದ್ದಿನ ಕಾವು ಇಳಿದ ಮೇಲೆ ತಿನ್ನಬೇಕು. ಮದ್ದಿನ ಮೇಲೆ ಸೂಜಿ ಬೀಳಬಾರದು, ಬಿದ್ದರೆ ಮದ್ದು ವಿಷವಾಗುತ್ತದೆ. ನಮ್ಮ ಜನಕ್ಕೆ ಪಥ್ಯವಿಲ್ಲದ ಮದ್ದು ಮದ್ದೇ ಅಲ್ಲ. ಪಥ್ಯ ಎಷ್ಟು ಕಠಿಣವೋ ಮದ್ದು ಅಷ್ಟು ಬಲ ಎಂದು ನಂಬುವವರು. ಅದನ್ನು ಅವನು ಚೆನ್ನಾಗಿ ಅರಿತಿದ್ದ.

ಆ ವರ್ಷದ ಪಿತೃಪಕ್ಷ ಸೆಪ್ಟೆಂಬರ್ ಕೊನೆಗೆ ಬಂತು. ಓದುಗರಲ್ಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಈ ಕಡೆಯ ಒಕ್ಕಲು ಮನೆಗಳಲ್ಲಿ ಪಕ್ಷದ ಹಬ್ಬವೆಂದರೆ ತೀರಿಹೋದ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಮಾಡಿ ಎಡೆ ಇಡುವುದು. ಹೊಸ ಬಟ್ಟೆ, ಮುದ್ದೆ, ಬಾಡಿನ ಸಾರು, ಕೈಮ ಉಂಡೆ. ಎಡೆಯ ಊಟವನ್ನು ಮನೆಯವರು ತಿನ್ನಲೇಬೇಕು, ತಿನ್ನದಿದ್ದರೆ ಹಿರಿಯರು ಮುನಿಸಿಕೊಂಡು ಹೋಗುತ್ತಾರೆ. ಹದಿನೈದು ದಿನದಲ್ಲಿ ಒಂದೊಂದು ಮನೆಯವರು ಒಂದೊಂದು ದಿನ ಮಾಡುತ್ತಾರೆ, ಉಳಿದವರೆಲ್ಲ ಅಮಾವಾಸ್ಯೆಗೆ. ನಿಂಗಮ್ಮನ ಮನೆಯಲ್ಲಿ ಅಮಾವಾಸ್ಯೆಗೆ ಆರು ದಿನ ಮೊದಲೇ ಆಯಿತು.

ಮಾರನೆಯ ಬೆಳಗ್ಗೆ ಆಕೆಯನ್ನು ಟ್ರಾಕ್ಟರಿನ ಟ್ರೈಲರಿನಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಬಂದರು. ಬೆಳಗಿನಿಂದ ವಾಂತಿ, ಹೊಟ್ಟೆನೋವು. ಮೈ ತಣ್ಣಗೆ ಬೆವೆತಿತ್ತು, ಕರೆದರೆ ಅರೆಗಣ್ಣು ಬಿಟ್ಟು ಏನೋ ತೊದಲುತ್ತಿದ್ದಳು. ಬಿಪಿಯ ಮೇಲಿನ ಅಂಕಿ ಎಪ್ಪತ್ತು. ನಾಡಿ ದಾರದಷ್ಟು ಸಣ್ಣ. ಊಟ ಕೆಟ್ಟು ವಾಂತಿಭೇದಿಯಾಗಿದೆಯೇ ಎಂದು ಕೇಳಿದೆ. ಮನೆಯಲ್ಲಿ ಇಪ್ಪತ್ತು ಜನ ಅದೇ ಊಟ ಮಾಡಿ ಗಟ್ಟಿಮುಟ್ಟಾಗಿದ್ದರು. ಭೇದಿ ಇರಲಿಲ್ಲ.

ಶಿವಣ್ಣ ತಲೆ ಚಚ್ಚಿಕೊಂಡ. “ಪಥ್ಯ ಕೆಡ್ಸ್ಕಂಡ್ಬುಟ್ಲು ಡಾಕ್ಟ್ರಮ್ಮ. ಎಂಟು ದಿನ ಮುಂಚೆ ಪುಡಿ ಬುಡು ಅಂದಿದ್ರು ಪಂಡಿತ್ರು. ಮಂಡಿ ಇಡ್ಕಂಡದು ಅಂತ ಎದರಿ ನಾಕೇ ದಿನ ಮುಂಚೆ ಬುಟ್ಲು. ಬಾಡಿಗೂ ಮದ್ದಿಗೂ ಒಡೆತ ಬಿದ್ದೈತೆ.”

ಆ ಕ್ಷಣ ನನಗೆ ಎಲ್ಲವೂ ಹೊಳೆಯಿತು. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಎಂಬ ಗ್ರಂಥಿಯಿದೆ. ದೇಹಕ್ಕೆ ಬೇಕಾದ ಸ್ಟಿರಾಯ್ಡನ್ನು ದಿನವೂ ಅದೇ ತಯಾರಿಸುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಬೇಕಾದ್ದಕ್ಕಿಂತ ಹೆಚ್ಚು ಸುರಿದರೆ, ಕೂಲಿಯಾಳು ಬಂದನಲ್ಲ ಎಂದು ಮನೆಯಾಳು ಮಲಗಿದಂತೆ, ಗ್ರಂಥಿ ಮಲಗಿಬಿಡುತ್ತದೆ. ಹೊರಗಿನದನ್ನು ಒಮ್ಮೆಗೇ ನಿಲ್ಲಿಸಿದರೆ ಅದು ಏಳುವುದಿಲ್ಲ. ರಕ್ತದೊತ್ತಡ ಕುಸಿಯುತ್ತದೆ, ಪ್ರಾಣ ಹೋಗುತ್ತದೆ. ಯುಗಾದಿಯ ಮಾರನೆ ದಿನ ಬಾಡೂಟ ಮಾಡುವ ಹೊಸ್ತೊಡಕಿಗೂ ನಿಂಗಮ್ಮ ಪುಡಿ ನಿಲ್ಲಿಸಿದ್ದಳಂತೆ. ಆಗ ತಿನ್ನಲು ಹಿಡಿದು ಕೆಲವೇ ವಾರ, ಬರೀ ಮೈಕೈ ನೋವು ಬಂದಿತ್ತು. ಈಗ ಏಳು ತಿಂಗಳಾಗಿತ್ತು. ನಿಂಗಮ್ಮನನ್ನು ಕೊಲ್ಲುತ್ತಿದ್ದುದು ಮುರಿದ ಪಥ್ಯವಲ್ಲ. ಪಾಲಿಸಿದ ಪಥ್ಯ.

ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ನನ್ನ ಬೀರುವಿನಲ್ಲಿತ್ತು, ಉಬ್ಬಸದವರಿಗೆಂದು ಇಟ್ಟದ್ದು. ಸಿರಿಂಜ್ ಹಿಡಿದಾಗ ಶಿವಣ್ಣ ನನ್ನ ಕೈ ಹಿಡಿದ. “ಬ್ಯಾಡಿ! ಮದ್ದಿನ ಮ್ಯಾಲೆ ಸೂಜಿ ಬೀಳಂಗಿಲ್ಲ!”

ಕೋಪ ನೆತ್ತಿಗೇರಿತು. “ಕೈ ಬಿಡೋ! ಇನ್ನರ್ಧ ಗಂಟೆಯಲ್ಲಿ ನಿಮ್ಮವ್ವ ಹೆಣವಾಗ್ತಾಳೆ. ಬೇಕಾದರೆ ಆಮೇಲೆ ನನ್ನನ್ನ ಜೈಲಿಗೆ ಹಾಕಿಸು,” ಎಂದು ಕಿರುಚಿದೆ. ಕಟ್ಟಡದ ಹೊರಗಿದ್ದವರೂ ಒಳಗೆ ಓಡಿ ಬಂದರು. ಶಿವಣ್ಣನ ಕೈ ಸಡಿಲವಾಯಿತು, ನನ್ನ ಮಾತಿಗಲ್ಲ, ಗಂಟಲಿಗೆ. ಸೂಜಿ ಹಾಕಿದೆ. ಗ್ಲೂಕೋಸ್ ಬೆರೆಸಿದ ಸಲೈನ್ ಬಾಟಲಿ ಏರಿಸಿದೆ.

ಮಧ್ಯಾಹ್ನಕ್ಕೆ ಬಿಪಿ ನೂರು ದಾಟಿತು. ಸಂಜೆ ನಿಂಗಮ್ಮ ಕಣ್ಣು ಬಿಟ್ಟು ಮೊದಲು ಕೇಳಿದ್ದು, “ಆಲು ಯಾರು ಕರದ್ರು?” ಎರಡನೆಯದು ಕಾಫಿ. ಶಿವಣ್ಣ ಗೋಡೆಗೆ ಮುಖ ಮಾಡಿ ಅತ್ತ.

ಅಷ್ಟಕ್ಕೆ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಕಾಫಿ ಕುಡಿಯುತ್ತಾ ಆಕೆ, “ನಮ್ ಜವರಿನೂ ಪುಡಿ ತಿಂತಾವ್ಳೆ,” ಎಂದಳು. ಜವರಮ್ಮ ಆಕೆಯ ಒಡಹುಟ್ಟಿದ ತಂಗಿ, ಶೀಳನೆರೆಯ ಆಚೆ ಒಂದು ಹಳ್ಳಿಗೆ ಕೊಟ್ಟಿದ್ದರು. “ನಾನೇ ಕೊಡ್ಸಿದ್ದು. ಅವ್ಳ ಮನೇಲಿ ಪಕ್ಸ ಅಮಾಸೆ ದಿನ.”

“ಇನ್ನೂ ಯಾರ್ಯಾರು ತಿನ್ನುತ್ತಾರೆ?” ಎಂದೆ.

“ಯಾರ್ ತಿನ್ನಕಿಲ್ಲ ಅಂತ ಕೇಳಿ.”

ಅಮಾವಾಸ್ಯೆಗೆ ಇನ್ನು ಐದು ದಿನ. ಆ ದಿನ ಹೋಬಳಿಯ ಮುಕ್ಕಾಲು ಪಾಲು ಮನೆಗಳಲ್ಲಿ ಎಡೆ. ಅಂದರೆ ಆಗಲೇ, ಅದೇ ವಾರ, ಊರೂರಿನಲ್ಲಿ ಮಂಡಿನೋವಿನ ಹೆಂಗಸರು ಶ್ರದ್ಧೆಯಿಂದ ಪುಡಿ ನಿಲ್ಲಿಸುತ್ತಿದ್ದರು. ಹಿರಿಯರ ಮೇಲಿನ ಭಕ್ತಿಯನ್ನೇ ಆ ನೀಚ ನೇಣಿನ ಹಗ್ಗ ಮಾಡಿ ಎಲ್ಲರ ಕೊರಳಿಗೂ ಒಂದೇ ದಿನಕ್ಕೆ ಹಾಕಿಟ್ಟಿದ್ದ.

ಮೈಸೂರಿನಲ್ಲಿದ್ದ ನನ್ನ ಗುರುಗಳಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿದರು: ಬದಲಿ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಮೆಲ್ಲಗೆ ಇಳಿಸಬೇಕು, ಅಲ್ಲಿಯವರೆಗೆ ಪುಡಿ ನಿಲ್ಲಿಸಕೂಡದು. ಮಾರನೆಯ ದಿನದಿಂದ ಜೀಪು ತಳ್ಳಿಸಿಕೊಂಡು ಹಳ್ಳಿ ಸುತ್ತಿದೆ. ಡೇರಿಯ ಮುಂದೆ ಹಾಲು ಹಾಕಲು ಸಾಲು ನಿಂತ ಹೆಂಗಸರಿಗೆ, ಕೇಳದವರಿಗೆ, ಕೇಳಿದವರಿಗೆ, ಗಂಟಲು ಹರಿಯುವಂತೆ ಕೂಗಿದೆ: “ಪುಡಿ ನಿಲ್ಲಿಸಬೇಡಿ! ಬಾಡು ಬೇಕಾದಷ್ಟು ತಿನ್ನಿ, ಏನೂ ಆಗುವುದಿಲ್ಲ. ಪುಡಿ ಹಿಡಿದುಕೊಂಡು ಆಸ್ಪತ್ರೆಗೆ ಬನ್ನಿ. ನಾನು ಬೇರೆ ಮಾತ್ರೆ ಕೊಡುತ್ತೇನೆ.”

ವಿಷವನ್ನು ಬಿಡಬೇಡಿ, ತಿನ್ನಿ ಎಂದು ಕೈಮುಗಿದು ಬೇಡಿಕೊಂಡ ವೈದ್ಯೆ ನಾನೊಬ್ಬಳೇ ಇರಬೇಕು. ಅದೂ ಹುಟ್ಟಿದಾಗಿನಿಂದ ಮೊಟ್ಟೆಯ ವಾಸನೆಯೂ ಕಾಣದವಳು. ಒಬ್ಬ ಮುದುಕ ಬೀಡಿ ಎಳೆಯುತ್ತಾ ಪಕ್ಕದವನಿಗೆ, “ಕಲಿಗಾಲ ಕಣ್ಲಾ. ಅಯ್ನೋರ ಮಗ್ಳು ಬಂದು ಬಾಡು ತಿನ್ನಿ ಅಂತಾವ್ಳೆ,” ಎಂದ. ಎಲ್ಲರೂ ನಕ್ಕರು. ನಗಲಿ ಎಂದುಕೊಂಡೆ. ನಗುತ್ತಲೇ ಕೆಲವರು ಪೊಟ್ಟಣ ತಂದರು. ಬಹಳ ಜನ ತರಲಿಲ್ಲ.

ಜವರಮ್ಮನ ಊರಿಗೆ ಹೋದದ್ದು ಅಮಾವಾಸ್ಯೆಗೆ ಎರಡು ದಿನ ಮೊದಲು, ಬೆಳಗ್ಗೆ. ದಾರಿ ಕೆಟ್ಟದ್ದು, ಜೀಪು ಅದಕ್ಕಿಂತ ಕೆಟ್ಟದ್ದು, ಮೊದಲೆರಡು ದಿನ ಅಲ್ಲಿಗೆ ಮುಟ್ಟಲು ಆಗಿರಲಿಲ್ಲ. ಶಿವಣ್ಣ ಸೈಕಲ್ಲಿನಲ್ಲಿ ಹೋಗಿ ಹೇಳಿ ಬಂದಿದ್ದ. ಆದರೆ ಅವನಿಗಿಂತ ಮೊದಲೇ ಪಂಡಿತ ಅಲ್ಲಿಗೆ ಹೋಗಿದ್ದ. ನಿಂಗಮ್ಮನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಅವನು ವ್ಯಾನು ಹತ್ತಿ ತನ್ನ ಗಿರಾಕಿಗಳ ಊರೂರಿಗೆ ತಿರುಗಿ ಏನು ಹೇಳಿದ್ದ ಗೊತ್ತೇ? ‘ನಿಂಗಮ್ಮ ತಡವಾಗಿ ಪುಡಿ ಬಿಟ್ಟಳು, ಅದಕ್ಕೇ ಹಾಗಾಯಿತು. ನೀವು ತಡ ಮಾಡಬೇಡಿ, ಈಗಲೇ ಬಿಡಿ.’ ತನ್ನ ಮಾನ ಉಳಿಸಿಕೊಳ್ಳಲು, ಸಾಯುವವರಿಗೆ ಇನ್ನೂ ಬೇಗ ಸಾಯಿರಿ ಎಂದಂತಾಯಿತು. ಪುಡಿಯಲ್ಲಿ ಏನು ಬೆರೆಸಿದ್ದೇನೆಂದು ಅವನಿಗೆ ಗೊತ್ತಿತ್ತು. ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಗೊತ್ತಿತ್ತೋ ಇಲ್ಲವೋ ತಿಳಿಯೆ. ಗೊತ್ತಿಲ್ಲದಿದ್ದರೂ ನಾನು ಅವನನ್ನು ಕ್ಷಮಿಸುವುದಿಲ್ಲ.

ಜವರಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಅದೇ ದುಂಡು ಮುಖ, ಅದೇ ತಣ್ಣನೆಯ ಬೆವರು. ಹಿಂದಿನ ದಿನದಿಂದ ವಾಂತಿ. ನೀರೂ ನಿಲ್ಲುತ್ತಿರಲಿಲ್ಲ, ಮಾತ್ರೆ ಕೊಟ್ಟು ಪ್ರಯೋಜನವಿರಲಿಲ್ಲ. ಗಂಡ ಬೋರೇಗೌಡರು ಊರಿನಲ್ಲಿ ಮರ್ಯಾದಸ್ಥರು, ಒಳ್ಳೆಯವರು. ಹೆಂಡತಿಯ ತಲೆಯ ಬಳಿ ಕೂತು ನಿಂಬೆಹಣ್ಣಿನ ಪಾನಕವನ್ನು ಚಮಚದಲ್ಲಿ ಬಿಡುತ್ತಿದ್ದರು. ಮದ್ದಿನ ಕಾವು ಇಳಿಯಲು ಪಂಡಿತ ಹೇಳಿ ಹೋಗಿದ್ದ ಉಪಾಯ ಅದು.

ನಾನು ಚೀಲ ಬಿಚ್ಚಿದ ಕೂಡಲೇ ಅವರು ಎದ್ದು ನನಗೂ ಆಕೆಗೂ ನಡುವೆ ನಿಂತರು. ಗದರಲಿಲ್ಲ. ಕೈಮುಗಿದರು. “ಸೂಜಿ ಒಂದು ಬ್ಯಾಡಿ ತಾಯಿ. ಮದ್ದಿಳೀಲಿ. ನಾಳೆ ನಾನೇ ಆಸ್ಪತ್ರೆಗೆ ಕರ್ಕೊಂಡ್ ಬತ್ತೀನಿ.”

“ನಾಳೆಯವರೆಗೆ ಇರುವುದಿಲ್ಲ ಗೌಡರೇ.”

“ಅಂಗನ್ಬ್ಯಾಡಿ.”

ವಿವರಿಸಿದೆ, ಬೇಡಿದೆ, ಬೈದೆ. ಅವರ ಇಬ್ಬರು ತಮ್ಮಂದಿರು ಬಂದು ಬಾಗಿಲಲ್ಲಿ ನಿಂತರು. ಶಿವಣ್ಣನ ಮುಂದೆ ನಡೆದ ನನ್ನ ಗಂಟಲು ಇಲ್ಲಿ ನಡೆಯಲಿಲ್ಲ. ಕೊನೆಗೆ ಒಂದೇ ದಾರಿ ಕಂಡಿತು. ಸೂಜಿ ಬಿದ್ದೂ ಬದುಕಿರುವವಳನ್ನು ಕಣ್ಣಾರೆ ಕಂಡರೆ ಒಪ್ಪಿಯಾರು. ಜೀಪಿನಲ್ಲಿ ವಾಪಸ್ ಹೋಗಿ, ಇನ್ನೂ ವಾರ್ಡಿನಲ್ಲೇ ಇದ್ದ ನಿಂಗಮ್ಮನಿಗೆ ವಿಷಯ ಹೇಳಿದೆ. ಆಕೆ ಸೆರಗು ಸಿಕ್ಕಿಸಿಕೊಂಡು ಬರಿಗಾಲಲ್ಲೇ ಜೀಪು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತು, “ಬೇಗ ಓಡ್ಸಪ್ಪ.”

ನಾವು ಹೋಗಿ ಇಳಿದಾಗ ಅಂಗಳದಲ್ಲಿ ಹೆಂಗಸರು ಅಳುತ್ತಿದ್ದರು. ಜವರಮ್ಮ ಹೋಗಿ ಅರ್ಧ ಗಂಟೆಯಾಗಿತ್ತು. ನಾನು ಸಿರಿಂಜ್ ಇದ್ದ ಚೀಲವನ್ನು ಎದೆಗವಚಿಕೊಂಡು ಜಗಲಿಯ ಮೇಲೆ ಕೂತೆ. ಅಷ್ಟು ನಿಷ್ಪ್ರಯೋಜಕಳೆಂದು ನನಗೆ ನಾನೇ ಆ ಮೊದಲೂ ಅನಿಸಿರಲಿಲ್ಲ, ಆಮೇಲೂ ಇಲ್ಲ.

ಮಧ್ಯಾಹ್ನ ಪಂಡಿತ ಬಂದ. ಕೈಯಲ್ಲಿ ಸೇವಂತಿಗೆ ಹಾರ, ಕಣ್ಣಲ್ಲಿ ಮೊಸಳೆ ಕಣ್ಣೀರು. ಹಾರ ಹಾಕಿ, ಜನ ಕೇಳುವಂತೆ ನಿಟ್ಟುಸಿರಿಟ್ಟ. “ಏನು ಮಾಡೋದು. ಮದ್ದು ಅಮೃತವಾಗಿತ್ತು, ಪಥ್ಯ ಮುರಿದರು. ಬಾಯಿಚಪಲ.”

ನಾನು ಎದ್ದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ತಂಗಿಯ ತಲೆಯ ಬಳಿ ಕೂತಿದ್ದ ನಿಂಗಮ್ಮ ಎದ್ದಳು. ಅಳುತ್ತಿರಲಿಲ್ಲ.

“ಬಾಯಿಚಪಲವಾ? ಅಮಾಸೆ ಯಾವತ್ತು ಕಣ್ಲಾ?” ಎಂದಳು.

ಅವನು ಹಾರ ಸರಿಪಡಿಸಲು ಬಾಗಿದ. ಆಕೆಯೇ ಹೇಳಿದಳು.

“ನಾಡಿದ್ದು. ಈ ಮನೇಲಿ ಇನ್ನೂ ಕುರಿನೇ ಕುಯ್ದಿಲ್ಲ. ಏಳ್ ತಿಂಗ್ಳಿಂದ ನನ್ ತಂಗಿ ಒಂದು ಮೊಟ್ಟೆ ಮುಟ್ಟಿಲ್ಲ. ನೀನ್ ಬುಡು ಅಂದಾಗ್ಲೇ ಪುಡಿ ಬುಟ್ಲು. ನೀನ್ ಯೋಳ್ದಂಗೆಲ್ಲಾ ಕೇಳಿದ್ಲು. ಯಾವ್ ಪಥ್ಯ ಮುರುದ್ಲು, ಯೋಳ್ಲಾ!” ತೋಳು ಚಾಚಿ, ಸೂಜಿ ಹಾಕಿ ಕಪ್ಪಾಗಿದ್ದ ಜಾಗ ಎಲ್ಲರಿಗೂ ತೋರಿಸಿದಳು. “ನಾನು ಬಾಡೂ ತಿಂದೆ, ಸೂಜೀನೂ ಚುಚ್ಚಿಸ್ಕಂಡೆ. ಪಥ್ಯ ಮುರುದೋಳು ನಿಂತಿವ್ನಿ. ಪಥ್ಯ ಮಾಡ್ದೋಳು ಮಲಗವ್ಳೆ.”

ನಾನು ಮೂರು ದಿನ ಕೂಗಿ ಹೇಳಿದ್ದು ಯಾರ ತಲೆಗೂ ಇಳಿದಿರಲಿಲ್ಲ, ಅದು ಅಲ್ಲಿ ಇಳಿಯಿತು. ಬೋರೇಗೌಡರು ಹಣೆಗೆ ಕೈಯಿಟ್ಟು ಕುಸಿದು ಕೂತರು. ಪಂಡಿತ ಮೆಲ್ಲಗೆ ಹಿಂದೆ ಸರಿದು ವ್ಯಾನಿನ ಕಡೆ ನಡೆದ. ಒಬ್ಬಳು ಹಿಡಿ ಮಣ್ಣು ತೂರಿದಳು, ಅಷ್ಟೇ ಅವನಿಗಾದ ಶಿಕ್ಷೆ. ಆ ಸಂಜೆ ಮತ್ತು ಮಾರನೆಯ ದಿನ ಹೆಂಗಸರು ಸೆರಗಿನಲ್ಲಿ ಪೊಟ್ಟಣ ಮುಚ್ಚಿಕೊಂಡು ಆಸ್ಪತ್ರೆಗೆ ಬಂದರು. ವರಾಂಡ ತುಂಬಿತು. ಕೆಲವರಿಗೆ ಆಗಲೇ ತಲೆಸುತ್ತು, ವಾಂತಿ ಶುರುವಾಗಿತ್ತು. ಅವರಲ್ಲಿ ಯಾರನ್ನೂ ಕಳೆದುಕೊಳ್ಳಲಿಲ್ಲ.

ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ವರದಿ ಬರುವಷ್ಟರಲ್ಲಿ ಮುಂದಿನ ಯುಗಾದಿ ಹತ್ತಿರವಾಗಿತ್ತು: ಬೇವು ಮತ್ತಿತರ ಸೊಪ್ಪಿನ ಪುಡಿಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮತ್ತು ಒಂದು ನೋವಿನ ಮಾತ್ರೆಯ ಮಿಶ್ರಣ. ಇಂಗ್ಲಿಷ್ ಔಷಧಿ ವಿಷ ಎಂದು ಸಾರಿದವನು ಇಂಗ್ಲಿಷ್ ಮಾತ್ರೆಯನ್ನೇ ಕುಟ್ಟಿ, ಹಸಿರು ಬಳಿದು ಹಂಚಿದ್ದ. ಸೊಪ್ಪಿಗೂ ದ್ರೋಹ, ಮಾತ್ರೆಗೂ ದ್ರೋಹ. ದೂರು ಕೊಟ್ಟೆ. ಪೊಟ್ಟಣದ ಮೇಲೆ ಹೆಸರಿಲ್ಲ, ಅಚ್ಚಿಲ್ಲ. ಇವನೇ ಕೊಟ್ಟನೆಂದು ಯಾರಾದರೂ ಹೇಳಬೇಕಿತ್ತು. ಬೋರೇಗೌಡರ ಮನೆಗೆ ಎರಡು ಸಲ ಹೋದೆ. “ಸತ್ತೋಳು ಎದ್ದು ಬಂದಾಳಾ ಡಾಕ್ಟ್ರಮ್ಮ? ನಾನೇ ಅಡ್ಡ ನಿಂತೋನು. ಕೋರ್ಟ್‌ನಾಗೆ ಅದ್ನೂ ಯೋಳ್ಬೇಕಲ್ಲ. ಬುಟ್ಬುಡಿ,” ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ನಿಂಗಮ್ಮ ಹೇಳಿಕೆ ಕೊಟ್ಟಳು. ಒಬ್ಬಳ ಹೇಳಿಕೆ ಸಾಲದೆಂದರು. ಪಂಡಿತ ನಮ್ಮ ಸಂತೆಗೆ ಮತ್ತೆ ಬರಲಿಲ್ಲ. ಬೇರೆ ಸಂತೆಗಳು ಎಷ್ಟಿಲ್ಲ?

ನಿಂಗಮ್ಮನ ಮಾತ್ರೆ ಇಳಿಸಲು ವರ್ಷದ ಹತ್ತಿರ ಹಿಡಿಯಿತು. ಒಂದೊಂದು ಸಲ ಕಡಿಮೆ ಮಾಡಿದಾಗಲೂ ಮಂಡಿನೋವು ಮೊದಲಿಗಿಂತ ಕೆರಳಿ ಬರುತ್ತಿತ್ತು. ನನ್ನ ಮೇಜಿನ ಮುಂದೆ ಕೂತು ಬಾಯಿಗೆ ಬಂದಂತೆ ಬೈಯುತ್ತಿದ್ದಳು. “ಅವ್ನು ಕಾಲು ಕೊಟ್ಟು ಪ್ರಾಣ ಕಿತ್ಕಂಡ. ನೀವು ಪ್ರಾಣ ಕೊಟ್ಟು ಕಾಲು ಕಿತ್ಕಂತಾ ಇದ್ದೀರಿ.” ನಾನು ಮಂಚ ತೋರಿಸಿ, ಕಾಲೆತ್ತು ಎನ್ನುತ್ತಿದ್ದೆ. ಎತ್ತುತ್ತಿದ್ದಳು, ಬೈಯುತ್ತಲೇ. ಪ್ಯಾರಸಿಟಮಾಲ್, ಎಕ್ಕದ ಎಲೆ, ಕೋಲು, ಅವೇ ಸಪ್ಪೆ ಉಪಾಯಗಳು. ನಾನು ಅಲ್ಲಿಂದ ಪಾಂಡವಪುರಕ್ಕೆ ವರ್ಗವಾಗುವ ಹೊತ್ತಿಗೆ ಆಕೆ ಸ್ಟೂಲಿನ ಮೇಲೆ ಕೂತು ಕೆಂದಸುವಿನ ಹಾಲು ಕರೆಯುತ್ತಿದ್ದಳು. ಕ್ಯಾನು ಮಾತ್ರ ಶಿವಣ್ಣ ಹೊರುತ್ತಿದ್ದ. ನೋವು ಇತ್ತು. ಇದ್ದೇ ಇರುತ್ತದೆ.

ರೋಗಿ ಏನು ತಿನ್ನುತ್ತಿದ್ದಾರೆ ಎಂದು ಕೇಳಲು ಕಾಲೇಜಿನಲ್ಲಿ ಕಲಿಸಿದ್ದರು. ಏನನ್ನು, ಯಾವಾಗ, ಯಾರ ಮಾತಿಗೆ ನಿಲ್ಲಿಸಿದರು ಎಂದು ಕೇಳಲು ಕಲಿಸಿದ್ದು ಆ ಪಕ್ಷ. ನಿವೃತ್ತಿಯವರೆಗೂ ಮಂಡಿ ಹಿಡಿದುಕೊಂಡು ಬಂದ ಪ್ರತಿ ಹೆಂಗಸಿಗೂ ಅದನ್ನು ಕೇಳಿದೆ. ಆದರೆ ಜವರಮ್ಮನಿಗೆ ಅದೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅವಳು ನನ್ನ ಆಸ್ಪತ್ರೆಗೆ ಒಂದು ದಿನವೂ ಬಂದಿರಲಿಲ್ಲ. ಯಾಕೆ ಬರಬೇಕು, ಅವಳಿಗೆ ನೋವೇ ಇರಲಿಲ್ಲವಲ್ಲ. ನೋವಿರುವವರು ಹೇಗೋ ವೈದ್ಯರ ಬಾಗಿಲಿಗೆ ಬರುತ್ತಾರೆ. ಮೂರೇ ದಿನಕ್ಕೆ ನೋವು ಮಾಯವಾಯಿತು ಎನ್ನುವವರ ಬಾಗಿಲಿಗೆ ವೈದ್ಯರೇ ಹೋಗಬೇಕು. ಹೋಗುವುದಾದರೆ ಹಬ್ಬಕ್ಕೆ ಮೊದಲೇ ಹೋಗಬೇಕು.